ಅನ್ಯರ ಪೆಟ್ಟಿಗೆಯಲ್ಲಿ ಆಪಲ್ ತಂತ್ರಾಂಶ

ಒಂದು ಕಂಪೆನಿಯ ಕಾರ್ಯಾಚರಣ ತಂತ್ರಾಂಶವನ್ನು ಇನ್ನೊಂದು ಕಂಪೆನಿಯ ಕಂಪ್ಯೂಟರಿನಲ್ಲಿ ಓಡಿಸಬಹುದೇ? ವಿಂಡೋಸ್ ಬಳಸುವವರಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸೀತು. ಮೈಕ್ರೋಸಾಫ್ಟ್ ಬೆಳೆದದ್ದೇ ಕೇಳಿದ ತಯಾರಕರಿಗೆಲ್ಲ ಪರವಾನಗಿ ಕೊಟ್ಟು. ಆದರೆ ಪೆಟ್ಟಿಗೆಯನ್ನೂ ತಂತ್ರಾಂಶವನ್ನೂ ತಾನೇ ತಯಾರಿಸುವ ಆಪಲ್ ಮಟ್ಟಿಗೆ ಇದು ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿದ ಪ್ರಶ್ನೆ.

ಮೊದಲ ಕದನ ನಡೆದದ್ದು ಫ್ರಾಂಕ್ಲಿನ್ ಎಂಬ ಕಂಪೆನಿಯೊಡನೆ. 1982ರಲ್ಲಿ ಅದು ಆಪಲ್-2 ಹೋಲುವ ಗಣಕವನ್ನು ಮಾರುಕಟ್ಟೆಗೆ ತಂದಿತು. ಒಳಗಿನ ಪ್ರೋಗ್ರಾಂಗಳು ಆಪಲ್‌ನವೇ. ನಕಲು ಎಷ್ಟು ಯಥಾವತ್ತಾಗಿತ್ತೆಂದರೆ ಆಪಲ್‌ನ ಪ್ರೋಗ್ರಾಂ ಬರೆದವರೊಬ್ಬರ ಹೆಸರು ಕೂಡ ಅದರಲ್ಲಿ ಹಾಗೆಯೇ ಉಳಿದಿತ್ತು! ಯಂತ್ರವಷ್ಟೇ ಓದಬಲ್ಲ, ಚಿಪ್‌ನಲ್ಲಿ ಅಡಗಿದ ಸಂಕೇತಗಳಿಗೆ ಕೃತಿಸ್ವಾಮ್ಯ ಎಲ್ಲಿಯದು ಎಂಬುದು ಫ್ರಾಂಕ್ಲಿನ್ ವಾದ. 1983ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು.

1984ರ ಮೆಕಿಂಟಾಶ್ ಈ ತೀರ್ಪಿನ ಲಾಭ ಪಡೆಯಿತು. ಅದರ ತಂತ್ರಾಂಶದ ಬಹುಭಾಗ ಇದ್ದದ್ದು ‘ರೋಮ್’ ಚಿಪ್‌ನಲ್ಲಿ. ಆ ಚಿಪ್ ಇಲ್ಲದೆ ಫ್ಲಾಪಿಯಲ್ಲಿದ್ದ ಉಳಿದ ಭಾಗ ನಿಷ್ಪ್ರಯೋಜಕ. ಜಾಣರು ಇದಕ್ಕೂ ಉಪಾಯ ಹುಡುಕಿದರು. ಡೇವಿಡ್ ಸ್ಮಾಲ್ ಎಂಬಾತ ಅಟಾರಿ ಗಣಕವನ್ನು ಮೆಕಿಂಟಾಶ್ ಆಗಿಸುವ ಸಾಧನ ಮಾಡಿದ. ಆಪಲ್‌ನ ಅಸಲಿ ಚಿಪ್‌ಗಳನ್ನು ಕೊಂಡು ಅದರಲ್ಲಿ ಕೂರಿಸಬೇಕಿತ್ತು. ನಕಲೇ ಮಾಡದ ಮೇಲೆ ಕೃತಿಸ್ವಾಮ್ಯದ ತಕರಾರು ಎಲ್ಲಿಂದ ಬರಬೇಕು?

ತಂತ್ರಾಂಶಕ್ಕೆ ಪರವಾನಗಿ ಕೊಡಿ ಎಂದು 1985ರಲ್ಲೇ ಆಪಲ್‌ಗೆ ಬರೆದವರು ಬೇರಾರೂ ಅಲ್ಲ, ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್. ಆಪಲ್ ಆಗ ಕಿವಿಗೊಡಲಿಲ್ಲ. ಮನಸ್ಸು ಬದಲಾಯಿಸಿದ್ದು 1994ರ ಕೊನೆಗೆ, ಮಾರುಕಟ್ಟೆ ಕೈತಪ್ಪುತ್ತಿದ್ದಾಗ. ಸ್ಟೀಫನ್ ಕಾಂಗ್ ಸ್ಥಾಪಿಸಿದ ಪವರ್ ಕಂಪ್ಯೂಟಿಂಗ್ ಕಂಪೆನಿಗೆ ಪರವಾನಗಿ ದೊರೆತು, 1995ರಲ್ಲಿ ತದ್ರೂಪಿ ಮೆಕಿಂಟಾಶ್‌ಗಳು ಕಾನೂನುಬದ್ಧವಾಗಿಯೇ ಮಾರಾಟಕ್ಕೆ ಬಂದವು. ರೇಡಿಯಸ್, ಯುಮ್ಯಾಕ್ಸ್, ಮೊಟೊರೊಲಾ ಸಹ ಕಣಕ್ಕಿಳಿದವು.

ಲೆಕ್ಕಾಚಾರ ತಪ್ಪಿದ್ದು ಇಲ್ಲೇ. ಇವರು ವಿಂಡೋಸ್ ಗಿರಾಕಿಗಳನ್ನು ಸೆಳೆದು ತರುತ್ತಾರೆಂದು ಆಪಲ್ ಎಣಿಸಿತ್ತು. ಅವರು ಸೆಳೆದದ್ದು ಆಪಲ್‌ನ ಗಿರಾಕಿಗಳನ್ನೇ. ಪವರ್ ಕಂಪ್ಯೂಟಿಂಗ್ ಅಂಚೆ ಮೂಲಕ ನೇರ ಮಾರುತ್ತಿತ್ತು. ಬೆಲೆ ಕಡಿಮೆ, ಕೆಲವು ಮಾದರಿಗಳ ವೇಗವೂ ಹೆಚ್ಚು. ದುಬಾರಿ ಯಂತ್ರಗಳ ಲಾಭವನ್ನೇ ನೆಚ್ಚಿದ್ದ ಆಪಲ್‌ಗೆ ಪರವಾನಗಿ ಶುಲ್ಕ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ತದ್ರೂಪಿಗಳೊಂದೇ ಕಾರಣವಲ್ಲ, ನಿಜ. ಆದರೆ 1997ರ ಹಣಕಾಸು ವರ್ಷದಲ್ಲಿ ಅದರ ನಷ್ಟ 100 ಕೋಟಿ ಡಾಲರ್ ಮೀರಿತು.

ಆ ವರ್ಷ ಹಿಂದಿರುಗಿದ್ದ ಸ್ಟೀವ್ ಜಾಬ್ಸ್ ಹೂಡಿದ ತಂತ್ರ ಕುತೂಹಲಕರ. ಒಪ್ಪಂದಗಳು ‘ಸಿಸ್ಟಮ್ 7’ಕ್ಕೆ ಸೀಮಿತವಾಗಿದ್ದವು. 7.7 ಆಗಬೇಕಿದ್ದ ಆವೃತ್ತಿ ಜುಲೈನಲ್ಲಿ ‘ಮ್ಯಾಕ್ ಓಎಸ್ 8’ ಎಂಬ ಹೆಸರಿನಿಂದ ಹೊರಬಂತು. ಅಂಕಿ ಬದಲಾಯಿತು, ಒಪ್ಪಂದ ಮುಗಿಯಿತು! ಸೆಪ್ಟೆಂಬರಿನಲ್ಲಿ 10 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಪವರ್ ಕಂಪ್ಯೂಟಿಂಗ್‌ನ ಮೆಕಿಂಟಾಶ್ ವ್ಯವಹಾರವನ್ನು ಆಪಲ್ ಕೊಂಡುಕೊಂಡಿತು. ಡಾಲಿ ಕುರಿಯಿಂದಾಗಿ ತದ್ರೂಪಿ ಎಂಬ ಪದ ಜಗತ್ತಿನ ಬಾಯಲ್ಲಿದ್ದ ವರ್ಷವೇ ಗಣಕದ ತದ್ರೂಪಿಗಳು ಕಣ್ಮರೆಯಾಗತೊಡಗಿದವು. ಒಪ್ಪಂದದ ಅಕ್ಷರ ಆಪಲ್ ಪರವಾಗಿದ್ದಿರಬಹುದು, ನಂಬಿ ಬಂಡವಾಳ ಹೂಡಿದವರಿಗೆ ಅದು ನ್ಯಾಯವೆನಿಸಿರಲಾರದು.

2006ರಲ್ಲಿ ಆಪಲ್ ಇಂಟೆಲ್ ಚಿಪ್‌ಗೆ ಹೊರಳಿದಾಗ ಪ್ರಶ್ನೆ ಮತ್ತೆ ತಲೆಯೆತ್ತಿತು. ಫ್ಲಾರಿಡಾದ ಸೈಸ್ಟಾರ್ ಎಂಬ ಪುಟ್ಟ ಕಂಪೆನಿ 2008ರಲ್ಲಿ ಮ್ಯಾಕ್ ತಂತ್ರಾಂಶ ತುಂಬಿದ ಸಾಮಾನ್ಯ ಗಣಕಗಳನ್ನು ಮಾರಿತು. ಹಣ ಕೊಟ್ಟು ಕೊಂಡ ಪ್ರತಿ ನಮ್ಮದಲ್ಲವೇ ಎಂಬುದು ಅದರ ಪ್ರಶ್ನೆ. ಆದರೆ ಆಪಲ್ ಗಣಕದಲ್ಲಿ ಮಾತ್ರ ಬಳಸತಕ್ಕದ್ದು ಎಂಬ ಷರತ್ತು ಪರವಾನಗಿಯಲ್ಲೇ ಇತ್ತು. ಸಾಲದ್ದಕ್ಕೆ ಸೈಸ್ಟಾರ್ ತಂತ್ರಾಂಶವನ್ನು ತಿದ್ದಿ, ಆ ಪ್ರತಿಯನ್ನೇ ಯಂತ್ರಗಳಿಗೆಲ್ಲ ನಕಲಿಸಿತ್ತು. 2009ರಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಆಪಲ್ ಪರ ತೀರ್ಪಿತ್ತರು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.