ಬೀಜಿಂಗ್ 2008: ಪುರುಷರ 4×100 ಮೀಟರ್ ರಿಲೇ

2008ರ ಬೀಜಿಂಗ್ ಒಲಿಂಪಿಕ್ಸ್‌ನ ಪುರುಷರ 4×100 ಮೀಟರ್ ರಿಲೇ ಓಟದ ಅಂತಿಮ ಸ್ಪರ್ಧೆಯು ಆಗಸ್ಟ್ 22ರಂದು 'ಹಕ್ಕಿಗೂಡು' ಎಂದೇ ಹೆಸರಾದ ಅಲ್ಲಿನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆಯಿತು. ಜಮೈಕಾ ತಂಡ 37.10 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ವಿಶ್ವದಾಖಲೆಯೊಡನೆ ಚಿನ್ನದ ಪದಕ ಪಡೆಯಿತು. ಆದರೆ ಇಂದು ಅಧಿಕೃತ ಪಟ್ಟಿಯಲ್ಲಿ ಚಿನ್ನದ ಎದುರು ಇರುವುದು ಟ್ರಿನಿಡಾಡ್ ಮತ್ತು ಟೊಬೆಗೊ ದೇಶದ ಹೆಸರು. ನಲವತ್ತು ಸೆಕೆಂಡು ಕೂಡ ಹಿಡಿಯದ ಈ ಓಟದ ಫಲಿತಾಂಶ ಇತ್ಯರ್ಥವಾಗಲು ಸುಮಾರು ಹತ್ತು ವರ್ಷಗಳೇ ಬೇಕಾದವು.

ಸ್ಪರ್ಧೆಯ ಸ್ವರೂಪ

ನಾಲ್ವರು ಓಟಗಾರರು ಸರದಿಯಂತೆ ಓಡಿ, ಬೇಟನ್ ಎಂಬ ಕೋಲನ್ನು ಕೈಯಿಂದ ಕೈಗೆ ದಾಟಿಸುತ್ತ ಒಂದು ಸುತ್ತು ಪೂರೈಸುವುದು ಈ ಓಟದ ಕ್ರಮ. ಅಂದಿನ ನಿಯಮದ ಪ್ರಕಾರ 20 ಮೀಟರ್ ಉದ್ದದ ವಲಯದೊಳಗೇ ಬೇಟನ್ ಕೈ ಬದಲಾಗಬೇಕಿತ್ತು. ಅದನ್ನು ಪಡೆಯುವಾತ ಹಿಂದಿರುಗಿ ನೋಡದೆ, ಸಹ ಆಟಗಾರನನ್ನು ನಂಬಿ ಕೈ ಚಾಚಿ ಓಡುತ್ತಾನೆ. ಈ ಹೊಂದಾಣಿಕೆ ತಪ್ಪಿದರೆ ಎಂಥ ವೇಗಿಗಳಿದ್ದರೂ ಪ್ರಯೋಜನವಿಲ್ಲ. ಹಿಂದಿನ ದಿನದ ಅರ್ಹತಾ ಸುತ್ತಿನಲ್ಲಿ ಡಾರ್ವಿಸ್ ಪ್ಯಾಟನ್ ಮತ್ತು ಟೈಸನ್ ಗೇ ನಡುವೆ ಬೇಟನ್ ನೆಲಕ್ಕೆ ಬಿದ್ದುದರಿಂದ ಅಮೆರಿಕ ಹೊರಬಿದ್ದಿತ್ತು.

ಅಂತಿಮ ಓಟ

ಜಮೈಕಾ ಪರ ನೆಸ್ಟಾ ಕಾರ್ಟರ್, ಮೈಕೆಲ್ ಫ್ರೇಟರ್, ಉಸೇನ್ ಬೋಲ್ಟ್ ಹಾಗೂ ಅಸಾಫಾ ಪೊವೆಲ್ ಇದೇ ಕ್ರಮದಲ್ಲಿ ಓಡಿದರು. ಅಮೆರಿಕ 1992ರಲ್ಲಿ ಸ್ಥಾಪಿಸಿ 1993ರಲ್ಲಿ ಸರಿಗಟ್ಟಿದ್ದ 37.40 ಸೆಕೆಂಡುಗಳ ದಾಖಲೆ ಅಳಿಸಿಹೋಯಿತು. ಟ್ರಿನಿಡಾಡ್ ಮತ್ತು ಟೊಬೆಗೊ (38.06), ಜಪಾನ್ (38.15) ಹಾಗೂ ಬ್ರೆಜಿಲ್ (38.24) ನಂತರದ ಸ್ಥಾನಗಳನ್ನು ಪಡೆದವು. 100 ಮತ್ತು 200 ಮೀಟರ್ ಓಟಗಳನ್ನು ಆಗಲೇ ಗೆದ್ದಿದ್ದ ಬೋಲ್ಟ್‌ಗೆ ಇದು ಆ ಕೂಟದ ಮೂರನೆಯ ಚಿನ್ನವಾಗಿತ್ತು.

ಮರುಪರೀಕ್ಷೆ ಮತ್ತು ತೀರ್ಪು

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಬೀಜಿಂಗ್‌ನಲ್ಲಿ ಸಂಗ್ರಹಿಸಿದ್ದ ಮಾದರಿಗಳನ್ನು 2016ರಲ್ಲಿ ಸುಧಾರಿತ ವಿಧಾನಗಳಿಂದ ಮತ್ತೆ ಪರೀಕ್ಷಿಸಿದಾಗ, ಕಾರ್ಟರ್ ಅವರ ಮಾದರಿಯಲ್ಲಿ ಮೀಥೈಲ್‌ಹೆಕ್ಸನಮೈನ್ ಎಂಬ ಉತ್ತೇಜಕ ಪತ್ತೆಯಾಯಿತು. 2008ರ ನಿಷೇಧಿತ ಪಟ್ಟಿಯಲ್ಲಿ ಈ ವಸ್ತುವಿನ ಹೆಸರು ಪ್ರತ್ಯೇಕವಾಗಿ ಇರಲಿಲ್ಲ. ಆದರೂ ನಿಷೇಧಿತ ಉತ್ತೇಜಕಗಳನ್ನು ಹೋಲುವ ವಸ್ತುಗಳಿಗೂ ನಿಷೇಧ ಅನ್ವಯಿಸುತ್ತಿದ್ದುದರಿಂದ ಅದನ್ನು ಉಲ್ಲಂಘನೆಯೆಂದೇ ಪರಿಗಣಿಸಲಾಯಿತು. 2017ರ ಜನವರಿ 25ರಂದು ಇಡೀ ಜಮೈಕಾ ತಂಡವನ್ನು ಅನರ್ಹಗೊಳಿಸಲಾಯಿತು. ಕಾರ್ಟರ್ ಸಲ್ಲಿಸಿದ ಮೇಲ್ಮನವಿಯನ್ನು ಕ್ರೀಡಾ ಪಂಚಾಯಿತಿ ನ್ಯಾಯಾಲಯವು 2018ರ ಮೇ 31ರಂದು ವಜಾಗೊಳಿಸಿತು.

ರಿಲೇಯಲ್ಲಿ ಪದಕ ತಂಡಕ್ಕೆ ಸಲ್ಲುವಂತೆ ಶಿಕ್ಷೆಯೂ ತಂಡಕ್ಕೇ ಸಲ್ಲುತ್ತದೆ. ಯಾವ ಆರೋಪವೂ ಇಲ್ಲದ ಫ್ರೇಟರ್, ಬೋಲ್ಟ್, ಪೊವೆಲ್ ಹಾಗೂ ಅರ್ಹತಾ ಸುತ್ತಿನಲ್ಲಿ ಮಾತ್ರ ಓಡಿದ್ದ ಡ್ವೈಟ್ ಥಾಮಸ್ ಸಹ ಪದಕ ಕಳೆದುಕೊಂಡರು. ಬೋಲ್ಟ್ ಅವರ ಒಟ್ಟು ಒಲಿಂಪಿಕ್ ಚಿನ್ನಗಳ ಸಂಖ್ಯೆ ಒಂಬತ್ತರಿಂದ ಎಂಟಕ್ಕೆ ಇಳಿಯಿತು. ಇದು ನ್ಯಾಯವೇ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಮೊದಲ ನೂರು ಮೀಟರನ್ನು ಕಳೆದು ಉಳಿದ ಮುನ್ನೂರು ಮೀಟರಿಗೆ ಫಲಿತಾಂಶ ನೀಡುವ ವಿಧಾನ ರಿಲೇಯಲ್ಲಿ ಇಲ್ಲ ಎಂಬುದೂ ಅಷ್ಟೇ ನಿಜ.

ಪರಿಷ್ಕೃತ ಫಲಿತಾಂಶ

ಕೀಸ್ಟನ್ ಬ್ಲೆಡ್‌ಮನ್, ಮಾರ್ಕ್ ಬರ್ನ್ಸ್, ಇಮ್ಯಾನುಯೆಲ್ ಕ್ಯಾಲೆಂಡರ್ ಮತ್ತು ರಿಚರ್ಡ್ ಥಾಂಪ್ಸನ್ ಅವರಿದ್ದ ಟ್ರಿನಿಡಾಡ್ ತಂಡಕ್ಕೆ ಚಿನ್ನ, ಜಪಾನ್‌ಗೆ ಬೆಳ್ಳಿ, ಬ್ರೆಜಿಲ್‌ಗೆ ಕಂಚು ಸಂದವು. ಜಪಾನ್ ಪರ ಕೊನೆಯ ಹಂತ ಓಡಿದ ನೊಬುಹಾರು ಅಸಹಾರ ಅವರಿಗೆ ಅಂದು 36 ವರ್ಷ. ಅದೇ ವರ್ಷ ನಿವೃತ್ತರಾದ ಅವರ ಕಂಚು ಬೆಳ್ಳಿಯಾಗುವ ವೇಳೆಗೆ ಟ್ರ್ಯಾಕ್ ತೊರೆದು ವರ್ಷಗಳೇ ಕಳೆದಿದ್ದವು. ನಾಲ್ಕನೆಯವರಾಗಿ ಬರಿಗೈಯಲ್ಲಿ ಮರಳಿದ್ದ ಬ್ರೆಜಿಲ್ ಓಟಗಾರರು ಪದಕ ವಿಜೇತರಾದರು. ಆದರೆ ಬೀಜಿಂಗ್‌ನ ವಿಜಯ ವೇದಿಕೆಯನ್ನು ಏರುವ ಅವಕಾಶ ಮಾತ್ರ ಅವರಿಗೆ ಮತ್ತೆ ಸಿಗುವಂತಿರಲಿಲ್ಲ.