ಖಾಲಿ ಆಸನದ ಚರಿತ್ರೆ

ವಿಮಾನವು ನೆಲವನ್ನು ಬಿಟ್ಟ ಕ್ಷಣದಲ್ಲಿಯೇ ಅದರೊಳಗೆ ಖಾಲಿಯಾಗಿ ಉಳಿದ ಆಸನದ ಬೆಲೆ ಸೊನ್ನೆಯಾಗುತ್ತದೆ. ಇಂದು ಮಾರದ ಸೀರೆಯನ್ನು ವ್ಯಾಪಾರಿಯು ಮಡಿಸಿಟ್ಟು ನಾಳೆ ಮಾರಿಯಾನು. ಇಂದು ಹಾರಿಹೋದ ಆಸನವನ್ನು ನಾಳೆ ಮಾರುವ ಉಪಾಯ ಯಾರಿಗೂ ತಿಳಿಯದು. ಪದೇ ಪದೇ ಪ್ರಯಾಣ ಮಾಡುವವರಿಗೆ ಮೈಲುಗಳ ಲೆಕ್ಕದಲ್ಲಿ ಉಚಿತ ಟಿಕೆಟನ್ನು ಕೊಡುವ ಪದ್ಧತಿಯು ಹುಟ್ಟಿದ್ದು ಈ ಒಂದು ಸತ್ಯದಿಂದ. ಆ ಮೈಲುಗಳನ್ನು ವರ್ಷಗಟ್ಟಲೆ ಕೂಡಿಟ್ಟು ಸಾಗರದಾಚೆಯ ದೀರ್ಘಯಾನಕ್ಕೆ ಆಸನವನ್ನು ಅರಸುವವರು ಇಂದು ಅನುಭವಿಸುತ್ತಿರುವ ಆಯಾಸಕ್ಕೆ ಮೂಲವೂ ಅದೇ. ದಾನಕ್ಕೆ ಯೋಗ್ಯವಾಗಿದ್ದ ಆಸನವು ದುರ್ಲಭವಾದ ಬಗೆಯನ್ನು ಅರಿತರೆ, ಈ ಆಯಾಸದಲ್ಲಿ ಅನಿವಾರ್ಯವಾದುದೆಷ್ಟು, ಅನ್ಯಾಯವಾದುದೆಷ್ಟು ಎಂಬುದೂ ತಿಳಿಯುತ್ತದೆ.

ಗಿರಾಕಿಯ ನಿಷ್ಠೆಯನ್ನು ಬಹುಮಾನದಿಂದ ಗಳಿಸುವ ಯೋಚನೆ ವಿಮಾನಕ್ಕಿಂತ ಹಳೆಯದು. 1896ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಸ್ಪೆರಿ ಆಂಡ್ ಹಚಿನ್ಸನ್ ಸಂಸ್ಥೆಯು ಹಸಿರು ಬಣ್ಣದ ಸ್ಟಾಂಪುಗಳನ್ನು ಅಚ್ಚು ಹಾಕಿಸಿ ಅಂಗಡಿಗಳಿಗೆ ಮಾರುತ್ತಿತ್ತು. ಅಂಗಡಿಯವನು ಖರೀದಿಯ ಮೊತ್ತಕ್ಕೆ ತಕ್ಕಂತೆ ಅವನ್ನು ಗಿರಾಕಿಗೆ ಕೊಡುವನು. ಗೃಹಿಣಿಯು ಅವನ್ನು ಪುಸ್ತಕದಲ್ಲಿ ಅಂಟಿಸಿ, ಪುಟಗಳು ತುಂಬಿದ ಮೇಲೆ ಪಾತ್ರೆಯನ್ನೋ ದೀಪವನ್ನೋ ಪಡೆಯುವಳು. ಎಷ್ಟು ಪುಸ್ತಕಗಳಿಗೆ ಯಾವ ವಸ್ತು ಎಂಬುದು ಸಂಸ್ಥೆಯ ಕ್ಯಾಟಲಾಗಿನಲ್ಲಿ ಮುದ್ರಿತವಾಗಿರುತ್ತಿದ್ದುದರಿಂದ, ಕೂಡಿಡುವವರಿಗೆ ತಮ್ಮ ಗುರಿ ಎಷ್ಟು ದೂರದಲ್ಲಿದೆಯೆಂಬುದು ಪ್ರತಿದಿನವೂ ಕಾಣುತ್ತಿತ್ತು.

ವಿಮಾನ ಸಂಸ್ಥೆಗಳಿಗೆ ಈ ಬಗೆಯ ಆಕರ್ಷಣೆಯು ಬಹುಕಾಲ ಬೇಕಾಗಿರಲಿಲ್ಲ. 1938ರ ಶಾಸನದಿಂದ ಅಮೆರಿಕದಲ್ಲಿ ಏರ್ಪಟ್ಟ ನಾಗರಿಕ ವಿಮಾನಯಾನ ಮಂಡಲಿಯು, ಯಾವ ಸಂಸ್ಥೆ ಯಾವ ಮಾರ್ಗದಲ್ಲಿ ಹಾರಬೇಕು, ಎಷ್ಟು ದರವನ್ನು ವಿಧಿಸಬೇಕು ಎಂಬುದನ್ನೆಲ್ಲ ತಾನೇ ನಿರ್ಣಯಿಸುತ್ತಿದ್ದುದರಿಂದ, ಸಂಸ್ಥೆಗಳ ಪರಸ್ಪರ ಸ್ಪರ್ಧೆಯು ಬಹುಮಟ್ಟಿಗೆ ಊಟೋಪಚಾರಗಳಿಗೆ ಸೀಮಿತವಾಗಿತ್ತು. ಆ ಮಂಡಲಿಯ ಅಧ್ಯಕ್ಷನಾಗಿ ಬಂದ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಕಾಹ್ನ್ ಈ ಕಟ್ಟುಗಳನ್ನು ಸಡಿಲಿಸುವುದಕ್ಕೆ ತೊಡಗಿದನು. 1978ರ ಅಕ್ಟೋಬರ್ 24ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ವಿನಿಯಂತ್ರಣ ಶಾಸನವು ಅವನ್ನು ಕಳಚಿಯೇ ಹಾಕಿತು. ದರಗಳು ಇಳಿದುವು, ಹೊಸ ಸಂಸ್ಥೆಗಳು ತಲೆಯೆತ್ತಿದುವು, ನಿನ್ನೆಯ ಪ್ರಯಾಣಿಕನು ಇಂದು ಹತ್ತು ಡಾಲರು ಕಡಿಮೆಗೆ ಕರೆದೊಯ್ಯುವವನ ಕಡೆಗೆ ತಿರುಗಿದನು.

ಹೀಗೆ ಕೈಜಾರುತ್ತಿದ್ದ ಪ್ರಯಾಣಿಕನನ್ನು ಹಿಡಿದಿಡಲು ಟೆಕ್ಸಾಸ್ ಇಂಟರ್‌ನ್ಯಾಷನಲ್ ಎಂಬ ಚಿಕ್ಕ ಸಂಸ್ಥೆಯು 1979ರಲ್ಲಿಯೇ ಮೈಲುಗಳನ್ನು ಎಣಿಸಿ ಬಹುಮಾನ ಕೊಡುವ ಪ್ರಯತ್ನವನ್ನು ಮಾಡಿತ್ತು. ಆದರೆ ಆ ಯೋಚನೆಗೆ ಪೂರ್ಣರೂಪವನ್ನು ಕೊಟ್ಟದ್ದು 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಆರಂಭಿಸಿದ ‘ಎಅಡ್ವಾಂಟೇಜ್’ ಯೋಜನೆ. ಆಗ ಆ ಸಂಸ್ಥೆಯ ನೇತೃತ್ವ ವಹಿಸಿದ್ದ ರಾಬರ್ಟ್ ಕ್ರಾಂಡಾಲನ ಕೈಯಲ್ಲಿ ಒಂದು ಅಪೂರ್ವ ಸಾಧನವಿತ್ತು: ಐಬಿಎಂನ ಸಹಯೋಗದಿಂದ ರೂಪುಗೊಂಡು 1960ರ ದಶಕದ ಆದಿಯಿಂದ ಬುಕಿಂಗುಗಳ ಭಾರವನ್ನು ಹೊತ್ತಿದ್ದ ‘ಸೇಬರ್’ ಕಂಪ್ಯೂಟರ್ ವ್ಯವಸ್ಥೆ. ಅದರ ದಾಖಲೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದ ಟೆಲಿಫೋನ್ ಸಂಖ್ಯೆಗಳನ್ನು ಹೆಕ್ಕಿ, ಪದೇ ಪದೇ ಹಾರುವವರು ಯಾರೆಂದು ಗುರುತಿಸಿ, ಒಂದು ಲಕ್ಷಕ್ಕೂ ಮಿಕ್ಕ ಸದಸ್ಯರೊಂದಿಗೆ ಯೋಜನೆಯನ್ನು ಮೊದಲುಮಾಡಿದರು. ಯುನೈಟೆಡ್ ಸಂಸ್ಥೆಯು ಕೆಲವೇ ದಿನಗಳಲ್ಲಿ ಅನುಸರಿಸಿತು. ಡೆಲ್ಟಾ, ಟಿಡಬ್ಲ್ಯುಎಗಳು ಅದೇ ವರ್ಷ ಹಿಂಬಾಲಿಸಿದುವು.

ಆ ಕಾಲದಲ್ಲಿ ಈ ದಾನ ಯಾರಿಗೂ ಭಾರವಾಗಿರಲಿಲ್ಲ. ಅಮೆರಿಕದ ವಿಮಾನಗಳಲ್ಲಿ ಆಗ ನೂರಕ್ಕೆ ಸುಮಾರು 40 ಆಸನಗಳು ಬರಿದಾಗಿಯೇ ಹಾರುತ್ತಿದ್ದುವು. ಹಾಗೆ ವ್ಯರ್ಥವಾಗುವ ಸ್ಥಳದಲ್ಲಿ ನಿಷ್ಠಾವಂತನಾದ ಗಿರಾಕಿಯನ್ನು ಕೂರಿಸಿದರೆ, ಅವನಿಗೆ ಹೊನೊಲುಲುವಿನ ವಿಹಾರ, ಸಂಸ್ಥೆಗೆ ಒಂದು ಊಟದ ಮತ್ತು ಒಂದಿಷ್ಟು ಇಂಧನದ ವೆಚ್ಚ. ಆದರೆ ಅದೇ ಕ್ರಾಂಡಾಲನು, ಅದೇ ಸೇಬರ್ ವ್ಯವಸ್ಥೆಯ ಬಲದಿಂದ, ಮತ್ತೊಂದು ವಿದ್ಯೆಯನ್ನೂ ಬೆಳೆಸುತ್ತಿದ್ದನು: ಯಾವ ವಿಮಾನದ ಯಾವ ಆಸನವನ್ನು ಯಾರಿಗೆ, ಯಾವ ದಿನ, ಯಾವ ಬೆಲೆಗೆ ಮಾರಿದರೆ ಹೆಚ್ಚಿನ ಆದಾಯ ಬಂದೀತೆಂದು ಮುಂಗಂಡು ಲೆಕ್ಕಹಾಕುವ ವಿದ್ಯೆ. ಒಂದು ಕೈ ಉದಾರವಾಗಿ ಮೈಲುಗಳನ್ನು ಹಂಚುತ್ತಿದ್ದಾಗ, ಮತ್ತೊಂದು ಕೈ ಆ ಔದಾರ್ಯಕ್ಕೆ ಆಧಾರವಾಗಿದ್ದ ಖಾಲಿ ಆಸನವನ್ನೇ ಇಲ್ಲವಾಗಿಸುತ್ತಿತ್ತು. ಮುಂದಿನ ನಾಲ್ಕು ದಶಕಗಳಲ್ಲಿ ನೂರಕ್ಕೆ 80ಕ್ಕೂ ಮಿಕ್ಕ ಆಸನಗಳು ತುಂಬತೊಡಗಿದುದು ಈ ವಿದ್ಯೆಯ ವಿಜಯ. ಮೈಲುಗಳನ್ನು ಕೂಡಿಟ್ಟವರ ಪಾಲಿಗೆ ಅದೇ ಸಂಕಟದ ಆರಂಭ.

ವಿರೋಧವು ಬಹಿರಂಗವಾದದ್ದು 1988ರಲ್ಲಿ. ಅಮೆರಿಕನ್ ಏರ್‌ಲೈನ್ಸ್ ಆ ವರ್ಷ, ಬಹುಮಾನದ ಟಿಕೆಟುಗಳಿಗೆ ಮೀಸಲಾದ ಆಸನಗಳಿಗೆ ಮಿತಿಯನ್ನು ವಿಧಿಸಿ, ಕೆಲವು ದಿನಗಳಂದು ಅವು ಸಲ್ಲವೆಂದು ಸಾರಿ, ಈ ನಿಯಮಗಳನ್ನು ಆಗಲೇ ಗಳಿಸಿಟ್ಟಿದ್ದ ಮೈಲುಗಳಿಗೂ ಅನ್ವಯಿಸಿತು. ಇಲಿನಾಯ್ಸ್ ರಾಜ್ಯದ ಸದಸ್ಯರು ನ್ಯಾಯಾಲಯದ ಮೆಟ್ಟಿಲೇರಿದರು. 1995ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ‘ಅಮೆರಿಕನ್ ಏರ್‌ಲೈನ್ಸ್ ವಿರುದ್ಧ ವೋಲೆನ್ಸ್’ ಮೊಕದ್ದಮೆಯಲ್ಲಿ, ರಾಜ್ಯದ ಗ್ರಾಹಕರಕ್ಷಣೆಯ ಕಾಯಿದೆಯನ್ನು ವಿಮಾನ ಸಂಸ್ಥೆಗಳ ಮೇಲೆ ಪ್ರಯೋಗಿಸಲು 1978ರ ಶಾಸನವು ಅಡ್ಡಬರುವುದೆಂದೂ, ಆದರೆ ಸಂಸ್ಥೆಯು ತಾನೇ ಮಾಡಿಕೊಂಡ ಕರಾರನ್ನು ಮುರಿದರೆ ಅದನ್ನು ಪ್ರಶ್ನಿಸಬಹುದೆಂದೂ ತೀರ್ಪಿತ್ತಿತು. ಪ್ರಯಾಣಿಕನಿಗೆ ಒಂದು ಬಾಗಿಲು ತೆರೆದಂತಾಯಿತು. ಆದರೆ ನಿಯಮಗಳನ್ನು ಬದಲಿಸುವ ಅಧಿಕಾರವನ್ನು ತನ್ನಲ್ಲಿಯೇ ಉಳಿಸಿಕೊಳ್ಳುವ ವಾಕ್ಯವನ್ನು ಕರಾರಿನಲ್ಲಿ ಬರೆದಿಡುವುದು ಸಂಸ್ಥೆಗಳಿಗೆ ಕಷ್ಟದ ಕೆಲಸವಾಗಿರಲಿಲ್ಲ.

ಇಷ್ಟರಲ್ಲಿ ಮೈಲಿನ ಸ್ವಭಾವವೇ ಪಲ್ಲಟವಾಗಿತ್ತು. 1987ರಲ್ಲಿ ಸಿಟಿಬ್ಯಾಂಕ್ ಅಮೆರಿಕನ್ ಏರ್‌ಲೈನ್ಸಿನೊಡನೆ ಸೇರಿ, ವೆಚ್ಚಮಾಡಿದ ಪ್ರತಿಯೊಂದು ಡಾಲರಿಗೂ ಮೈಲು ಕೊಡುವ ಕ್ರೆಡಿಟ್ ಕಾರ್ಡನ್ನು ಹೊರತಂದಿತು. ಅಂದಿನಿಂದ, ಆಕಾಶವನ್ನೇ ಏರದವನು ದಿನಸಿ ಕೊಂಡು ಮೈಲುಗಳನ್ನು ಗಳಿಸಬಹುದಾಯಿತು. ಬ್ಯಾಂಕು ಆ ಮೈಲುಗಳನ್ನು ವಿಮಾನ ಸಂಸ್ಥೆಯಿಂದ ರೊಕ್ಕ ಕೊಟ್ಟು ಖರೀದಿಸಬೇಕಾಯಿತು. ಈ ವ್ಯಾಪಾರ ಎಷ್ಟು ಬೆಳೆಯಿತೆಂಬುದು ವಿಮಾನಗಳೆಲ್ಲ ನೆಲಹಿಡಿದ 2020ರಲ್ಲಿ ಲೋಕಕ್ಕೆ ತಿಳಿಯಿತು. ಆ ವರ್ಷ ಯುನೈಟೆಡ್ ತನ್ನ ಮೈಲುಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರುಗಳನ್ನೂ, ಡೆಲ್ಟಾ 900 ಕೋಟಿಯನ್ನೂ, ಮರುವರ್ಷ ಅಮೆರಿಕನ್ ಸಾವಿರ ಕೋಟಿಯನ್ನೂ ಎತ್ತಿದುವು.

ಹೀಗೆ ನಾಣ್ಯಗಳಂತೆ ಚಲಾವಣೆಗೆ ಬಂದ ಮೈಲುಗಳು ಹೆಚ್ಚಿದುವು, ಆಸನಗಳು ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ. ಯಾವ ಖಂಡಕ್ಕೆ ಎಷ್ಟು ಮೈಲು ಎಂದು ಸಾರುತ್ತಿದ್ದ ಕೋಷ್ಟಕವನ್ನು ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ ಹಿಂತೆಗೆದುಕೊಂಡುವು. ಬೆಲೆಯು ದಿನದಿನಕ್ಕೆ ಏರಿಳಿಯತೊಡಗಿತು. ಇದರ ಪೂರ್ಣ ಪರಿಣಾಮ ಕಾಣುವುದು ದೀರ್ಘಯಾನದಲ್ಲಿಯೇ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವವನು ಎರಡು ವಿಮಾನಗಳನ್ನು ಏರಬೇಕಾದಲ್ಲಿ ಎರಡರಲ್ಲಿಯೂ ಒಂದೇ ದಿನ ಬಹುಮಾನದ ಆಸನ ತೆರೆದಿರಬೇಕು. ಬಿಸಿನೆಸ್ ಕ್ಲಾಸಿನಲ್ಲಿ ಒಂದೆರಡು ಆಸನಗಳು ದೊರೆತರೆ ನಾಲ್ವರ ಕುಟುಂಬಕ್ಕೆ ಅವು ಸಾಲವು. ಸಹಭಾಗಿ ಸಂಸ್ಥೆಯ ಆಸನವು ಪರದೆಯ ಮೇಲೆ ಕಂಡು, ಟಿಕೆಟು ಮಾಡುವ ಹೊತ್ತಿಗೆ ಇಲ್ಲವಾಗುವುದುಂಟು. ಎಲ್ಲವೂ ಕೂಡಿಬಂದಾಗ ತೆರಿಗೆಯ ಜೊತೆಗೆ ಇಂಧನದ ಹೆಚ್ಚುವರಿ ಶುಲ್ಕವೂ ಕಾದಿರಬಹುದು. ಶಾಲೆಗಳ ಬೇಸಿಗೆ ರಜೆಯಲ್ಲಿ, ಡಿಸೆಂಬರಿನಲ್ಲಿ ಆಸನಗಳು ಬರಿದಾಗಿರುವುದಿಲ್ಲ. ಮಗಳ ಬಾಣಂತನಕ್ಕೆ ಹೊರಟ ತಾಯಿಯಾದರೋ ಆಸನ ಖಾಲಿಯಾಗುವ ತಿಂಗಳಿಗಾಗಿ ಕಾದು ಕೂರಲಾರಳು.

ನಮ್ಮ ದೇಶವು ಈ ಪದ್ಧತಿಯ ಇನ್ನೊಂದು ದೌರ್ಬಲ್ಯವನ್ನು ಕಂಡಿದೆ. ಬೆಂಗಳೂರನ್ನೇ ನೆಲೆಯಾಗಿಸಿಕೊಂಡಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟವನ್ನು ನಿಲ್ಲಿಸಿದಾಗ ಅದರ ‘ಕಿಂಗ್ ಕ್ಲಬ್’ ಸದಸ್ಯರ ಮೈಲುಗಳಿಗೆ ಹಾರಲು ವಿಮಾನವೇ ಉಳಿಯಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ನೆಲಕಚ್ಚಿತಾದರೂ, ಅದರ ಬಹುಮಾನಯೋಜನೆಯು ಪ್ರತ್ಯೇಕ ಕಂಪನಿಯ ಅಧೀನದಲ್ಲಿದ್ದುದರಿಂದ ‘ಇಂಟರ್‌ಮೈಲ್ಸ್’ ಎಂಬ ಹೊಸ ಹೆಸರಿನಿಂದ ಬದುಕಿ ಮುಂದುವರಿಯಿತು. ಲೆಕ್ಕದ ಪುಸ್ತಕ ಯಾರ ವಶದಲ್ಲಿದೆ ಎಂಬುದರ ಮೇಲೆ ಪ್ರಯಾಣಿಕನ ಸಂಚಯದ ಅಳಿವು ಉಳಿವು ನಿಂತಿತ್ತು.

ಬರಿದಾದ ಆಸನವು ದಾನವಾಗಿದ್ದಾಗ, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬ ಸ್ವಾತಂತ್ರ್ಯವು ದಾನಿಗೆ ಸಹಜವಾಗಿಯೇ ಇತ್ತು. ವಿಮಾನ ತುಂಬಿದಾಗ ‘ಇಂದು ಇಲ್ಲ’ ಎನ್ನುವುದನ್ನು ಅನ್ಯಾಯವೆನ್ನಲಾಗದು, ಇಂದೂ ಅನ್ನಬೇಕಾಗಿಲ್ಲ. ಆದರೆ ಮೈಲನ್ನು ಬ್ಯಾಂಕಿಗೆ ಹಣಕ್ಕೆ ಮಾರಿ, ಆ ಹಣವನ್ನು ಮುಂಗಡವಾಗಿ ಪಡೆದ ಮೇಲೆ ಅದು ದಾನವಲ್ಲ, ಋಣ. ಋಣಕ್ಕೆ ತನ್ನದೇ ಧರ್ಮವಿದೆ: ತೀರಿಸುವ ದರ ಎಲ್ಲರಿಗೂ ತಿಳಿದಿರಬೇಕು; ಅದು ಬದಲಾಗುವುದಾದರೆ ಸಾಕಷ್ಟು ಮುಂಚಿತವಾಗಿ ಸಾರಬೇಕು; ನಿನ್ನೆ ಗಳಿಸಿದ್ದನ್ನು ನಿನ್ನೆಯ ನಿಯಮದಂತೆಯೇ ಸಲ್ಲಿಸಬೇಕು. ಹಸಿರು ಸ್ಟಾಂಪುಗಳ ಕಾಲದ ಮುದ್ರಿತ ಕ್ಯಾಟಲಾಗು ಪಾಲಿಸುತ್ತಿದ್ದ ಈ ಸರಳ ಮರ್ಯಾದೆಯನ್ನು ಇಂದಿನ ಗಣಕಯಂತ್ರಗಳು ಪಾಲಿಸಲಾರವೆಂಬುದನ್ನು ಯಾರು ನಂಬಿಯಾರು? ಅಮೆರಿಕದ ಸಾರಿಗೆ ಇಲಾಖೆಯು 2024ರ ಸೆಪ್ಟೆಂಬರಿನಲ್ಲಿ ನಾಲ್ಕು ದೊಡ್ಡ ಸಂಸ್ಥೆಗಳ ಯೋಜನೆಗಳ ಬಗೆಗೆ ವಿಚಾರಣೆಯನ್ನು ಆರಂಭಿಸಿದಾಗ ಕೇಳಿದ ಪ್ರಶ್ನೆಗಳು ಮುಖ್ಯವಾಗಿ ಇವನ್ನೇ ಕುರಿತವು. ನಮ್ಮ ದೇಶದಲ್ಲಿಯೂ ಕಾರ್ಡುಗಳ ಮೂಲಕ ಮೈಲು ಗಳಿಸುವವರು ದಿನೇ ದಿನೇ ಹೆಚ್ಚುತ್ತಿರುವಾಗ, ಇದೇ ಪ್ರಶ್ನೆಗಳನ್ನು ಇಲ್ಲಿಯೂ ಕೇಳಬೇಕಾಗಿದೆ. ಉತ್ತರ ಬರುವ ತನಕ, ಕೂಡಿಟ್ಟ ಮೈಲುಗಳನ್ನು ಆಸ್ತಿಯೆಂದು ಬಗೆದು ಕಾಪಿಡದೆ, ಅವಕಾಶ ದೊರೆತೊಡನೆ ಪ್ರಯಾಣಕ್ಕೆ ವಿನಿಯೋಗಿಸುವುದು ವಿವೇಕ.