ಗೊಡ್ಡು ತೊಗರಿ ಮತ್ತು ಪೆನಿಸಿಲಿನ್

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಹೊಲದಲ್ಲಿ ತೊಗರಿಗೆ ಗೊಡ್ಡು ರೋಗ ತಗುಲಿತೆಂದರೆ ಗಿಡ ಸಾಯುವುದಿಲ್ಲ. ಎಲೆ ಸಣ್ಣದಾಗಿ, ತಿಳಿಹಸಿರು ಮಚ್ಚೆ ತುಂಬಿ, ಪೊದೆಯಾಗಿ ಬೆಳೆದು ಹೂವೇ ಬಿಡದೆ ನಿಲ್ಲುತ್ತದೆ. ಬಿತ್ತಿದ ಒಂದೂವರೆ ತಿಂಗಳೊಳಗೆ ತಗುಲಿದರೆ ಆ ಗಿಡದ ಕಾಳಿನ ಆಸೆ ಬಿಟ್ಟಂತೆಯೇ. ಬಿಹಾರದ ಪೂಸಾದಿಂದ ಈ ರೋಗದ ಮೊದಲ ವರದಿ ಬಂದದ್ದು 1931ರಲ್ಲಿ. ಬರಿಗಣ್ಣಿಗೆ ಕಾಣದ ನುಸಿಯೊಂದು ಇದನ್ನು ಹರಡುತ್ತದೆಂದು ಗೊತ್ತಾದದ್ದು 1960ರ ದಶಕದಲ್ಲಿ. ನುಸಿ ಹೊತ್ತು ತರುವ ವೈರಸ್ ಕೈಗೆ ಸಿಕ್ಕದ್ದು 2000ದ ಸುಮಾರಿಗೆ, ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಹಾಗೂ ಸ್ಕಾಟ್ಲೆಂಡಿನ ವಿಜ್ಞಾನಿಗಳ ಜಂಟಿ ಕೆಲಸದಲ್ಲಿ. ಇಂಥ ಕಥೆಗಳಲ್ಲಿ ವೈರಸ್ ಕಂಡುಹಿಡಿದವರಿಗೇ ಹಾರ ಬೀಳುತ್ತದೆ. ಆದರೆ ಸಾವಿರಾರು ಎಲೆಗಳಲ್ಲಿ ವೈರಸ್ ಇದೆಯೋ ಇಲ್ಲವೋ ಎಂದು ನೋಡಲು ಬೇಕಾದದ್ದು, ಬಡ ಪ್ರಯೋಗಾಲಯವೂ ಕೊಂಡು ಕೆಡದಂತೆ ಇಟ್ಟುಕೊಳ್ಳಬಲ್ಲ ಸಾಮಗ್ರಿ. ಅದಕ್ಕೂ ಒಂದು ಚರಿತ್ರೆಯಿದೆ.

ಪ್ರತಿಕಾಯ ಮತ್ತು ಕಿಣ್ವದ ನೆರವಿನಿಂದ ವೈರಸ್ ಪತ್ತೆಹಚ್ಚುವ ಎಲಿಸಾ ಪರೀಕ್ಷೆ 1971ರಲ್ಲಿ ಸ್ವೀಡನ್ ಮತ್ತು ನೆದರ್ಲೆಂಡ್ಸ್‌ನಲ್ಲಿ ಬೇರೆಬೇರೆಯಾಗಿ ಹುಟ್ಟಿತು. 1977ರಲ್ಲಿ ವಿಜ್ಞಾನಿಗಳಾದ ಕ್ಲಾರ್ಕ್ ಮತ್ತು ಆಡಮ್ಸ್ ಅದನ್ನು ಸಸ್ಯ ವೈರಸ್‌ಗಳಿಗೆ ಒಗ್ಗಿಸಿದರು. ಅದರ ಒಂದು ಬಗೆ ಹೀಗೆ: ಅರೆದ ಎಲೆಯ ರಸವನ್ನು 96 ಗುಳಿಗಳ ಪ್ಲೇಟಿಗೆ ಹಾಕಿ, ಮೊಲದಲ್ಲಿ ಬೆಳೆಸಿದ ಪ್ರತಿಕಾಯ ಬಿಡುತ್ತಾರೆ, ಅದು ವೈರಸ್ಸನ್ನು ಹಿಡಿಯುತ್ತದೆ. ಆಮೇಲೆ ಬಿಡುವುದು ಆಡಿನಲ್ಲಿ ಬೆಳೆಸಿದ, ಕಿಣ್ವ ಜೋಡಿಸಿದ ಎರಡನೆಯ ಪ್ರತಿಕಾಯ. ಮೊಲದ ಪ್ರತಿಕಾಯ ಯಾವ ವೈರಸ್ಸಿನದಾದರೂ ಇದು ಅಂಟಿಕೊಳ್ಳುವುದರಿಂದ ಒಂದೇ ಸೀಸೆ ಹತ್ತು ರೋಗಗಳ ಪರೀಕ್ಷೆಗೆ ಸಾಕು. ಆದರೆ ಈ ಸೀಸೆ ಬಲು ಸೂಕ್ಷ್ಮ. ಮತ್ತೆಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರೆ ಕಿಣ್ವದ ಶಕ್ತಿ ಉಡುಗುತ್ತದೆ. ಹಾಗಾಗಿ 4 ಡಿಗ್ರಿಯ ಫ್ರಿಜ್‌ನಲ್ಲಿ, ಇಲ್ಲವೇ ಗ್ಲಿಸರಾಲ್ ಬೆರೆಸಿ ಮೈನಸ್ 20ರಲ್ಲಿ, ಪುಟ್ಟ ಪುಟ್ಟ ಪಾಲು ಮಾಡಿ ಇಡಬೇಕು. ತೆಳುಗೊಳಿಸಿದ ದ್ರಾವಣವನ್ನು ಆಯಾ ದಿನವೇ ಬಳಸಿ ಮುಗಿಸುವುದು ಲೇಸು. ಜೋಡಿಸಿದ ಕಿಣ್ವ ಪೆರಾಕ್ಸಿಡೇಸ್ ಆಗಿದ್ದರೆ, ಬೂಷ್ಟು ಬಾರದಿರಲೆಂದು ಹಾಕುವ ಸೋಡಿಯಂ ಅಜೈಡ್ ಅದನ್ನೇ ಕೆಡಿಸುತ್ತದೆ. ಇನ್ನು ಹೆಚ್ಚಿನವರು ಬಳಸುತ್ತಿದ್ದ ಕಿಣ್ವವಾದ ಆಲ್ಕಲೈನ್ ಫಾಸ್ಫಟೇಸ್ ದುಬಾರಿ. 1989ರಲ್ಲಿ ಸುದರ್ಶನ ಮತ್ತು ಡಿ.ವಿ.ಆರ್. ರೆಡ್ಡಿ ಪೆನಿಸಿಲಿನೇಸ್ ಜೋಡಿಸಿದ ಎಲಿಸಾವನ್ನು ಸಸ್ಯ ವೈರಸ್‌ಗಳಿಗೆ ರೂಪಿಸಿದರು. ಆ ಕಿಣ್ವಕ್ಕೆ ಉಣಿಸಬೇಕಾದದ್ದು ಔಷಧದ ಪೆನಿಸಿಲಿನ್. ಅದು ನಮ್ಮಲ್ಲೇ ಅಗ್ಗಕ್ಕೆ ಸಿಗುತ್ತಿತ್ತು. ಪೆನಿಸಿಲಿನ್ ಒಡೆದು ಆಮ್ಲವಾದಾಗ ಬ್ರೋಮೋಥೈಮಾಲ್ ಬ್ಲೂ ನೀಲಿಯಿಂದ ಹಳದಿಗೆ ತಿರುಗುತ್ತದೆ, ಬರಿಗಣ್ಣೇ ಸಾಕು. ಗುಳಿಯಲ್ಲಿ ಬಫರ್ ಉಳಿದಿದ್ದರೆ ಮಾತ್ರ ಆಮ್ಲ ಅಡಗಿ ಬಣ್ಣ ಮೋಸ ಮಾಡುತ್ತದೆ. ಕೊನೆಯ ತೊಳೆತ ಬಟ್ಟಿ ಇಳಿಸಿದ ನೀರಿನದೇ ಆಗಬೇಕು.

ತೊಗರಿ ರೈತನಿಗೆ ಈ ಪರೀಕ್ಷೆಯಿಂದ ಏನು ಬಂತು ಎಂದು ಕೇಳಬಹುದು, ಕೇಳಬೇಕು ಕೂಡ. ರೋಗಿ ಎಲೆಯನ್ನು ಸಸಿಯ ಎಲೆಗೆ ಸ್ಟೇಪ್ಲರ್ ಪಿನ್ನಿನಿಂದ ಹೊಲಿದು ನುಸಿ ದಾಟಿಸುವ ಉಪಾಯ 1970ರ ದಶಕದಿಂದಲೇ ಇತ್ತು. ಗಿಡ ಬಾಡಿ ಒಣಗುವ ನೆಟೆ ರೋಗ ಮತ್ತು ಗೊಡ್ಡು ರೋಗ ಎರಡನ್ನೂ ತಾಳಬಲ್ಲ 'ಆಶಾ' ತಳಿ 1993ರಲ್ಲಿ ಹೊರಬಂದಾಗ ವೈರಸ್ಸಿನ ಗುರುತೇ ಸಿಕ್ಕಿರಲಿಲ್ಲ. ಈ ಮಾತು ನಿಜ, ಒಪ್ಪಲೇಬೇಕು. ಆದರೆ ಪಿನ್ನು ಹಾಕಿದ ಸಸಿ ಹಸಿರಾಗಿ ಉಳಿದರೆ ಅದು ನುಸಿಯನ್ನು ತಡೆಯಿತೋ ವೈರಸ್ಸನ್ನು ತಡೆಯಿತೋ ಎಂಬುದನ್ನು ಕಣ್ಣು ಹೇಳದು. ಪಟಾನ್‌ಚೆರುವಿನ ವೈರಸ್ಸಿಗೂ ಬೆಂಗಳೂರಿನ ವೈರಸ್ಸಿಗೂ ಉಗ್ರತೆಯಲ್ಲಿ ವ್ಯತ್ಯಾಸವಿದ್ದು, ಒಂದು ಕಡೆ ತಾಳಿದ ತಳಿ ಇನ್ನೊಂದು ಕಡೆ ಸೋಲುವುದುಂಟು. ಹೀಗಿರುವಾಗ ತಡೆ ಎಲ್ಲಿದೆ ಎಂದು ತಿಳಿಯದ ತಳಿ ತಜ್ಞ ಕುರುಡಾಗಿಯೇ ಆರಿಸುತ್ತಾನೆ. ನೆಟೆ ತಾಳಿ ಹೆಸರು ಮಾಡಿದ 'ಮಾರುತಿ' ಗೊಡ್ಡು ರೋಗಕ್ಕೆ ಸುಲಭದ ತುತ್ತು. ಒಂದು ರೋಗ ಗೆದ್ದ ಬೀಜ ಇನ್ನೊಂದಕ್ಕೆ ಬಾಗಿಲು ತೆರೆದದ್ದನ್ನು ಈ ನಾಡು ಕಂಡಿದೆ.

ಈಗ ವೈರಸ್ಸಿನ ಜೀನನ್ನೇ ಗುರುತಿಸುವ ಪಿಸಿಆರ್ ಬಂದಿದೆ, ಎಲಿಸಾ ಹಳತಾಯಿತು ಎನ್ನುವವರೂ ಇದ್ದಾರೆ. ಒಂದೆರಡು ಗಿಡಗಳ ಖಚಿತ ಉತ್ತರಕ್ಕೆ ಪಿಸಿಆರ್ ಸರಿ. ನೂರಾರು ಸಾಲುಗಳ ಎಲೆ ಒಂದೇ ವಾರದಲ್ಲಿ ಬಂದು ಬಿದ್ದಾಗ ಪ್ಲೇಟಿನ ಲೆಕ್ಕವೇ ಅಗ್ಗ. ಮೊದಲು ಸ್ಟೇಪ್ಲರ್, ಅನುಮಾನ ಬಂದಲ್ಲಿ ಎಲಿಸಾ, ಅದೂ ಸಾಲದಿದ್ದಾಗ ಪಿಸಿಆರ್: ಇವು ಒಂದನ್ನೊಂದು ಅಳಿಸಿಹಾಕಿದ ವಿದ್ಯೆಗಳಲ್ಲ.